ಅಲುಗದ ಒಲೆಯ ಮೇಲೆ ಸ್ಟೀಕ್

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಹಿಡಿದು ಕೇಳಿಕೊಂಡು ಬಂದರೆ ಮನೆ ಸಿಗುತ್ತಿರಲಿಲ್ಲ. ತೂಗಣ್ಣ ಎಂದರೆ ಬೀದಿನಾಯಿಯೂ ಮುಂದೆ ಮುಂದೆ ಹೋಗಿ ಬಾಗಿಲು ತೋರಿಸುತ್ತಿತ್ತು. ಹಾಲಿನಂಗಡಿಯ ಸಾಲಿನಲ್ಲಿ ನಿಂತರೂ, ಔಷಧದಂಗಡಿಯ ಮೆಟ್ಟಿಲ ಬಳಿ ನಿಂತರೂ, ಕಾಲೆರಡನ್ನೂ ಅಗಲಿಸಿ, ಮಂಡಿಯನ್ನು ಚೂರು ಸಡಿಲಬಿಟ್ಟು, ಎಡಕ್ಕಿಷ್ಟು ಬಲಕ್ಕಿಷ್ಟು ತೂಗುತ್ತಲೇ ಇರುತ್ತಿದ್ದ. ಬೀದಿಗೆ ಹೊಸಬರು ಯಾರಾದರೂ ಬಂದರೆ ಮೂಗು ಮುಂದೆ ಮಾಡಿ ವಾಸನೆ ನೋಡುತ್ತಿದ್ದರು. “ಕುಡಿದವರೇ ನೆಟ್ಟಗೆ ನಿಂತ್ಕೋತಾರೆ, ಈ ಪುಣ್ಯಾತ್ಮ ಬರೀ ನೀರು ಕುಡಿದು ತೂಗ್ತಾನೆ” ಎಂದು ಮಾಂಸದಂಗಡಿಯವನು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದ.

ತಪ್ಪು ಅವನದಲ್ಲ, ಕಾಲಿನದು. ಮೀಸೆ ಮೂಡುವ ಮೊದಲೇ ರೈಲಿನ ಊಟದ ಬೋಗಿಗೆ ತಟ್ಟೆ ತೊಳೆಯಲು ಸೇರಿದವನು, ಮೀಸೆ ಬೆಳ್ಳಗಾದ ಮೇಲೆ ಮುಖ್ಯ ಅಡುಗೆಯವನಾಗಿ ಕೆಳಗಿಳಿದ. ನಡುವಿನ ಆಯುಷ್ಯವೆಲ್ಲ ಓಡುವ ನೆಲದ ಮೇಲೆ ನಿಂತೇ ಕಳೆದದ್ದು. ಆ ಅಡುಗೆಮನೆ ಎಂದರೆ ಏನು, ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಜಾಗ. ಪಾತ್ರೆ ಜಾರದಂತೆ ಸುತ್ತ ಕಬ್ಬಿಣದ ಕಂಬಿ ಕಟ್ಟಿದ ಒಲೆ. ತಲೆಯ ಮೇಲೆ ಕೊಕ್ಕೆಗಳಿಗೆ ನೇತುಬಿದ್ದು, ತಿರುವು ಬಂದಾಗಲೆಲ್ಲ ಒಂದಕ್ಕೊಂದು ಹಣೆ ಚಚ್ಚಿಕೊಳ್ಳುವ ಸೌಟುಗಳು. ಒಂದು ಕಡೆ ತಟ್ಟೆಯಷ್ಟು ಅಗಲದ ಕಿಟಕಿ. ಇನ್ನೊಂದು ಕಡೆ, ಬೆಂದದ್ದನ್ನು ಬಡಿಸುವವನ ಕೈಗೆ ದಾಟಿಸಲು ಒಂದು ಕಂಡಿ. ಅದರಾಚೆ ಹೂದಾನಿ, ಗಾಜಿನ ಲೋಟ, ಇಸ್ತ್ರಿ ಮಾಡಿದ ಮೇಜುಬಟ್ಟೆ, ನಗು. ಈಚೆ ಹೊಗೆ, ಬೆವರು, ಬೈಗುಳ.

ಅಲ್ಲಿ ಅವನಿಗೆ ಕೆಲಸ ಕಲಿಸಿದವನು ಒಬ್ಬ ಹಿರಿಯ ಅಡುಗೆಯವ. ಅಂಗೈ ಮೊರದಷ್ಟಿದ್ದುದರಿಂದ ಎಲ್ಲರೂ ಅವನನ್ನು ದೊಡ್ಡಕೈ ಎನ್ನುತ್ತಿದ್ದರು. ಆ ಬೋಗಿಯ ಹೆಸರೆಲ್ಲ ಅವನು ಮಾಡುವ ಸ್ಟೀಕಿನ ಮೇಲೆ ನಿಂತಿತ್ತು. ಎರಡು ಬೆರಳು ದಪ್ಪದ ಮಾಂಸದ ತುಂಡು, ಉಪ್ಪು, ಕುಟ್ಟಿದ ಕಾಳುಮೆಣಸು, ಕೊನೆಗೊಂದು ಉಂಡೆ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ. ಅಷ್ಟೇ ಸಾಮಾನು. ಹೊರಗೆ ಗರಿಗರಿ ಕಂದು, ಒಳಗೆ ಗುಲಾಬಿ ಬಣ್ಣ, ಮೆತ್ತಗೆ. ಗೋಡೆಯಲ್ಲೊಂದು ಗಡಿಯಾರವೇನೋ ಇತ್ತು, ಅದರ ಗಾಜಿಗೆ ಎಣ್ಣೆಜಿಡ್ಡು ಹತ್ತಿ ಮುಳ್ಳು ಕಾಣುತ್ತಿರಲಿಲ್ಲ. ಆಗಿನ್ನೂ ಹುಡುಗನಾಗಿದ್ದ ತೂಗಣ್ಣ ಅದನ್ನು ಒರೆಸಲು ಹೋದಾಗ ದೊಡ್ಡಕೈ ಬೆನ್ನಿಗೊಂದು ಕೊಟ್ಟ.

“ಗಡಿಯಾರ ನೋಡೋನು ಸ್ಟೇಷನ್ ಮಾಸ್ಟರ್ ಆಗ್ಲಿ. ಅಡುಗೆಯವನು ಹಳಿ ಕೇಳಬೇಕು ಕಣೋ, ಹಳಿ!”

ಹಳಿ ಕೇಳುವುದು ಅಂದರೆ ಹೀಗೆ. ಗಾಡಿ ಸುರಂಗ ದಾಟಿ ಬೆಳಕಿಗೆ ಬಿದ್ದ ಕೂಡಲೇ ಮಾಂಸ ಕಾವಲಿಗೆ ಬೀಳಬೇಕು. ನದಿಯ ಸೇತುವೆ ಹತ್ತಿದಾಗ ಗಾಲಿಯ ಸದ್ದು ಟೊಳ್ಳಾಗುತ್ತದೆ, ಆಗ ಮಗುಚಬೇಕು. ಇಟ್ಟಿಗೆ ಗೂಡಿನ ತಿರುವಿನಲ್ಲಿ ಸೌಟುಗಳೆಲ್ಲ ಎಡಕ್ಕೆ ವಾಲುತ್ತವೆ, ಆಗ ಇಳಿಸಬೇಕು. ಮುಂದಿನ ನಿಲ್ದಾಣ ಬರುವವರೆಗೆ ಮಾಂಸ ಮರದ ಹಲಗೆಯ ಮೇಲೆ ಸುಧಾರಿಸಿಕೊಳ್ಳಬೇಕು. “ಗಾಡಿ ನಿಧಾನವಾದರೆ?” ಎಂದು ಹುಡುಗ ಕೇಳಿದ್ದಕ್ಕೆ ದೊಡ್ಡಕೈ, “ಆಗಲ್ಲ. ಡ್ರೈವರ್‌ಗೂ ಒಂದು ತುಂಡು ಇಲ್ಲೇ ಬೇಯ್ತಿರುತ್ತೆ” ಎಂದಿದ್ದ.

ದೊಡ್ಡಕೈ ಹೋದ ಮೇಲೆ ಕಾವಲಿ ತೂಗಣ್ಣನ ಕೈಗೆ ಬಂತು. ಅದೇ ಸುರಂಗ, ಅದೇ ಸೇತುವೆ, ಅದೇ ಇಟ್ಟಿಗೆ ಗೂಡು. ಕಂಡಿಯಿಂದ ಹೋದ ತಟ್ಟೆ ಒಂದೂ ತಿರುಗಿ ಬರಲಿಲ್ಲ ಎಂಬುದು ಅವನ ಹೆಮ್ಮೆ. ಬರುತ್ತಿದ್ದದ್ದು ಖಾಲಿ ತಟ್ಟೆ. ತಿಂದವರ ಮುಖ ಹೇಗಿತ್ತೋ ಏನೋ, ಅವನು ಒಂದನ್ನೂ ಕಂಡವನಲ್ಲ.

ತಿಂದದ್ದರ ಗುರುತು ಕಂಡವಳು ಅವನ ಹೆಂಡತಿ. ದಾರಿಯ ಈ ತುದಿಯ ನಿಲ್ದಾಣದ ಹಿಂದುಗಡೆ ಬಟ್ಟೆಕೋಣೆ ಇತ್ತು. ಊಟದ ಬೋಗಿಯ ಮೇಜುಬಟ್ಟೆ, ಕೈವಸ್ತ್ರ ಎಲ್ಲ ಅಲ್ಲಿಗೆ ಬಂದು, ಹಂಡೆಯಲ್ಲಿ ಬೆಂದು, ಗಂಜಿ ಕುಡಿದು, ಇಸ್ತ್ರಿಯಾಗಿ ಮತ್ತೆ ಗಾಡಿ ಹತ್ತುತ್ತಿದ್ದವು. ಅವಳು ಅಲ್ಲಿ ಇಸ್ತ್ರಿ ಮಾಡುತ್ತಿದ್ದಳು. ತೂಗಣ್ಣ ಮೊದಲ ಸಲ ಕೊಳೆಬಟ್ಟೆಯ ಗಂಟು ಹೊತ್ತು ತಂದಾಗ ಒಂದು ಮೇಜುಬಟ್ಟೆಯನ್ನು ಎತ್ತಿ ಹಿಡಿದು, “ಇದೇನಪ್ಪಾ, ಊಟ ಮಾಡಿದ್ರೋ ಕುಸ್ತಿ ಆಡಿದ್ರೋ?” ಎಂದಿದ್ದಳು. ಅವನು ನಾಚಿಕೊಂಡು, ಅದು ಬೆಣ್ಣೆ, ಇದು ಮಾಂಸದ ರಸ ಎಂದು ಕಲೆ ಕಲೆಗೂ ಕಥೆ ಹೇಳಿದ. ಹಾಗೆ ಹೇಳುತ್ತಾ ಹೇಳುತ್ತಾ ಮದುವೆಯೇ ಆಯಿತು.

ಮದುವೆಯಾಯಿತು, ಸ್ಟೀಕ್ ಮಾತ್ರ ಅವಳ ಬಾಯಿಗೆ ಬಿಸಿಯಾಗಿ ಬೀಳಲಿಲ್ಲ. ಕೆಲಸದವರು ಊಟದ ಬೋಗಿಯಲ್ಲಿ ಕೂರುವಂತಿರಲಿಲ್ಲ, ಅವರ ಮನೆಯವರಂತೂ ಇಣುಕುವಂತೆಯೂ ಇರಲಿಲ್ಲ. ಉಳಿದ ತುಂಡನ್ನು ಅವನು ಕಾಗದದಲ್ಲಿ ಸುತ್ತಿ ತರುತ್ತಿದ್ದ. ಮನೆಗೆ ಬರುವಷ್ಟರಲ್ಲಿ ಅದರ ಕೊಬ್ಬು ಮೇಣದ ಹಾಗೆ ಬೆಳ್ಳಗೆ ಕಟ್ಟಿಕೊಂಡಿರುತ್ತಿತ್ತು. ಮತ್ತೆ ಬಿಸಿ ಮಾಡಿದರೆ ಚಪ್ಪಲಿಯ ಅಟ್ಟೆ. “ನೀವೇ ಒಂದಿನ ಮನೇಲಿ ಮಾಡ್ರೀ” ಎಂದರೆ, “ಮನೆ ಒಲೆ ಅಲುಗಲ್ಲ ಮಾರಾಯ್ತಿ, ನನಗೆ ಕೈ ಬರಲ್ಲ” ಎಂದು ತಪ್ಪಿಸಿಕೊಳ್ಳುತ್ತಿದ್ದ. ರಜೆಯ ದಿನ ಅವನಿಗೆ ಸೌಟು ಕಂಡರೆ ಜ್ವರ. “ಊರಿಗೆಲ್ಲ ಬಿಸಿ ಬಿಸಿ, ಮನೆಯವಳಿಗೆ ತಂಗಳು” ಎಂದು ಅವಳು ಗೊಣಗಿ, ತಾನೇ ಒಲೆ ಹಚ್ಚುತ್ತಿದ್ದಳು. ನಾಳೆ, ನಾಡಿದ್ದು, ಮುಂದಿನ ರಜೆಗೆ ಎನ್ನುತ್ತ ಮಾತು ಹಳೆಯದಾಯಿತು. ಅಷ್ಟರಲ್ಲಿ ಗಾಡಿಯಿಂದ ಊಟದ ಬೋಗಿಯನ್ನೇ ಕಳಚಿದರು. ಪ್ರಯಾಣಿಕರ ಮಡಿಲಿಗೆ ಪೊಟ್ಟಣದ ಊಟ ಬಂತು. ಪೊಟ್ಟಣಕ್ಕೆ ಮೇಜುಬಟ್ಟೆ ಯಾಕೆ? ಬಟ್ಟೆಕೋಣೆಗೂ ಬೀಗ ಬಿತ್ತು. ಗಂಡ ಹೆಂಡತಿ ಒಟ್ಟಿಗೇ ಮನೆ ಸೇರಿದರು.

ಹೀಗಿರುವಾಗ ಅವಳ ಹಲ್ಲು ಕೈಕೊಟ್ಟಿತು.

ಹಲ್ಲಿನ ಡಾಕ್ಟರು ದೀಪ ಹಿಡಿದು ಬಾಯಿಯ ಮೂಲೆ ಮೂಲೆ ನೋಡಿ, “ವಸಡೇ ಸಡಿಲ ಆಗಿದೆ ಅಮ್ಮ. ಶುಕ್ರವಾರ ಬನ್ನಿ, ಅಷ್ಟನ್ನೂ ತೆಗೆದುಬಿಡೋಣ. ಆಮೇಲೆ ಕಟ್ಟಿಸಿಕೊಂಡರಾಯ್ತು” ಎಂದರು.

“ಕಟ್ಟಿಸಿದ ಹಲ್ಲಲ್ಲಿ ಎಲ್ಲಾ ತಿನ್ನಬಹುದಾ ಡಾಕ್ಟ್ರೇ?”

“ಮೆತ್ತಗಿರೋದು ಧಾರಾಳವಾಗಿ ತಿನ್ನಿ. ಗಟ್ಟಿ ಮಾಂಸಗೀಂಸ ಮಾತ್ರ ಮರೆತುಬಿಡಿ.”

ಇಬ್ಬರೂ ಮನೆಯ ಕಡೆ ಹೊರಟರು. ಮಾಂಸದಂಗಡಿಯ ಗಾಜಿನ ಮುಂದೆ ಬಂದಾಗ ಅವಳ ಕಾಲು ತಾನಾಗಿ ನಿಂತಿತು. ಒಳಗೆ ತಟ್ಟೆಯಲ್ಲಿ ಕೆಂಪಗೆ ದಪ್ಪ ತುಂಡುಗಳು ಒಂದರ ಪಕ್ಕ ಒಂದು ಮಲಗಿದ್ದವು.

“ಒಂದು ಸಲ ಬಿಸಿಬಿಸಿ ತಿನ್ನಬೇಕಿತ್ತು ರೀ” ಎಂದಳು. ದೂರಿನ ದನಿಯಲ್ಲ. ಬಸ್ಸು ಹೋದ ಮೇಲೆ ಬಸ್ಸಿನ ಬಗ್ಗೆ ಮಾತಾಡುವ ದನಿ. “ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಸುಮ್ನೆ ಹೇಳ್ತಾರಾ ಹಿರಿಯರು.”

ತೂಗಣ್ಣನಿಗೆ ಆ ಮಾತು ಎದೆಗೆ ನಾಟಿತು. ಯಾರು ಯಾರಿಗೋ ಬೇಯಿಸಿ ಕಳಿಸಿದ ಕೈ ಇದು. ಇನ್ನು ಶುಕ್ರವಾರದೊಳಗೆ ಬೇಯಿಸದಿದ್ದರೆ ಇವಳಿಗಂತೂ ಈ ಜನ್ಮದಲ್ಲಿ ಬೇಯಿಸಿದಂತಾಗುವುದಿಲ್ಲ.

“ಇನ್ನೂ ಹಲ್ಲಿದೆಯಲ್ಲೇ! ನಾಳೆನೇ ಮಾಡ್ತೀನಿ, ಬಾ” ಎಂದು ಅಂಗಡಿಯ ಬಾಗಿಲು ತಳ್ಳಿದ.

ಮರುದಿನ ಸಂಜೆ ಅಡುಗೆಮನೆಯ ಬಾಗಿಲು ಹಾಕಿಕೊಂಡ. “ಒಳಗೆ ಬರಬೇಡ. ನಾನು ಕಂಡಿಯಿಂದ ಕೊಟ್ಟೇ ರೂಢಿ” ಎಂದ. ಕಾವಲಿ ಹೊಗೆಯಾಡುವಷ್ಟು ಕಾಯಿತು. ಉಪ್ಪು ಮೆಣಸು ಬಳಿದ ತುಂಡನ್ನು ಹಾಕಿದ ಕೂಡಲೇ ಚೊಯ್ಯೆಂದು ಎದ್ದ ಸದ್ದಿಗೆ ಅವನ ಮೈಯೆಲ್ಲ ಇಪ್ಪತ್ತರ ಹರೆಯಕ್ಕೆ ಹೋಯಿತು. ಕಾಲು ಅಗಲಿಸಿ ನಿಂತ. ಇಕ್ಕಳ ಹಿಡಿದು ಕಾದ. ಕಿಟಕಿಯಾಚೆ ಎದುರುಮನೆಯವರ ಎರಡು ಟವಲು ಒಣಗುತ್ತಿದ್ದವು. ಅವು ಬೆಳಗಿನಿಂದಲೂ ಅಲ್ಲೇ ಇದ್ದವು, ಈಗಲೂ ಅಲ್ಲೇ ಇದ್ದವು. ಸೇತುವೆ ಬರಲಿಲ್ಲ. ಎಲ್ಲಿಂದ ಬಂದೀತು? ಗಾಬರಿಯಾಗಿ ಬೇಗ ಮಗುಚಿ ಬೇಗ ಇಳಿಸಿದ, ಒಳಗೆ ಪೂರಾ ಹಸಿ. ಮತ್ತೆ ಹಾಕಿದ, ಮತ್ತೆ ಇಳಿಸಿದ, ಮತ್ತೆ ಹಾಕಿದ. ಮೇಜಿಗೆ ಬಂದಾಗ ಅದು ಮುದುಡಿ ಕೂತ ಬೂದು ಬಣ್ಣದ ಪದಾರ್ಥವಾಗಿತ್ತು.

ಅವಳು ಒಂದು ತುಂಡು ಬಾಯಿಗಿಟ್ಟು, ಆ ದವಡೆಯಿಂದ ಈ ದವಡೆಗೆ ಸಾಗಿಸಿ, ಕಣ್ಣು ಮುಚ್ಚಿ ನುಂಗಿದಳು.

“ನೀವು ಕಾಗದದಲ್ಲಿ ಸುತ್ತಿ ತರ್ತಿದ್ದದ್ದೇ ವಾಸಿ ಇತ್ತು.”

“ಏನು ಮಾಡ್ಲಿ? ನೆಲ ನಿಂತಲ್ಲೇ ನಿಂತಿದೆ.”

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನಿಮಗೆ ನೋಡಿದ್ರೆ ನೆಲ ನೆಟ್ಟಗಿರೋದೇ ಕಷ್ಟ!”

ಅವನು ನಗಲಿಲ್ಲ. ಸುರಂಗ, ಸೇತುವೆ, ಇಟ್ಟಿಗೆ ಗೂಡು ಎಲ್ಲ ಹೇಳಿಕೊಂಡ. ಅವಳು ಕೇಳಿ ಕೇಳಿ ನಕ್ಕು, ನೋಯುವ ಕೆನ್ನೆ ಹಿಡಿದುಕೊಂಡಳು. ನಗು ಇಳಿದ ಮೇಲೆ ಬೇರೆಯೇ ಒಂದು ಮಾತು ಕೇಳಿದಳು.

“ಅಲ್ಲಾ ರೀ, ಆ ದಾರಿ ಹೇಗಿತ್ತು? ಬಟ್ಟೆ ಎಲ್ಲಾ ಹೋಗಿ ಬಂತು. ನಾನು ಒಂದು ದಿನಾನೂ ಹೋಗ್ಲಿಲ್ಲ.”

“ನಾಳೆ ಕರ್ಕೊಂಡು ಹೋಗ್ತೀನಿ” ಎಂದ ತೂಗಣ್ಣ. ಅವನಿಗೊಂದು ಉಪಾಯ ಹೊಳೆದಿತ್ತು. ದಾರಿಯನ್ನು ಬಾಯಲ್ಲಿ ಹೇಳುತ್ತಾ ಹೋದರೆ ಸೇತುವೆ ಬರಬೇಕಾದ ಹೊತ್ತಿಗೆ ಬಂದೇ ಬರುತ್ತದೆ!

ಬುಧವಾರ ಮಾಂಸದಂಗಡಿಯವನು ಹುಬ್ಬೇರಿಸಿ, “ಏನ್ ತೂಗಣ್ಣ, ಮತ್ತೆ? ಮನೇಲಿ ಹುಲಿ ಸಾಕಿದ್ದೀರಾ?” ಎಂದ. “ಹೂಂ. ಹಲ್ಲು ಬೀಳೋ ಹುಲಿ” ಎಂದು ತೂಗಣ್ಣ ಪೊಟ್ಟಣ ಕಂಕುಳಲ್ಲಿಟ್ಟು ಬಂದ.

ಈ ಸಲ ಅವಳಿಗೆ ಒಲೆಯ ಪಕ್ಕದಲ್ಲೇ ಸ್ಟೂಲು ಬಿತ್ತು. ಅವನು ಮಾಂಸ ಹಿಡಿದು, “ಸುರಂಗದೊಳಗಿದ್ದೀವಿ. ಕತ್ತಲು. ಗಾಜಿನ ಲೋಟ ಎಲ್ಲ ಕಿಣಿಕಿಣಿ ಅಂತಿದಾವೆ. ಈಗ ನೋಡು, ಹೊರಗೆ!” ಎಂದು ಕಾವಲಿಗೆ ಹಾಕಿದ. “ಬೆಳಕು ಅಂದ್ರೆ ಬೆಳಕು. ಸುಣ್ಣದ ಬಕೆಟ್ಟು ಮುಖಕ್ಕೆ ಎರಚಿದ ಹಾಗೆ. ಎಡಗಡೆ ಕೆರೆ. ಕೆರೆ ದಂಡೇಲಿ ಗೇಟು. ಗೇಟಲ್ಲಿ ಒಬ್ಬಳು ಹಸಿರು ಬಾವುಟ ಹಿಡಿದು ನಿಂತಿರ್ತಾಳೆ, ಸೊಂಟದ ಮೇಲೆ ಮಗು.”

“ಮಗು ಎತ್ಕೊಂಡೇ ಬಾವುಟ ಹಿಡೀತಾಳಾ?”

“ಹೂಂ ಮತ್ತೆ. ವರ್ಷ ವರ್ಷ ಅದು ಬೆಳೀತಾ ಬಂತು. ಮೊದಲು ಸೊಂಟದ ಮೇಲೆ, ಆಮೇಲೆ ಸೆರಗು ಹಿಡ್ಕೊಂಡು, ಆಮೇಲೆ ಪಕ್ಕದಲ್ಲಿ ನಿಂತು ನಮ್ಮನ್ನ ಅಣಕಿಸ್ತಾ. ಒಂದು ದಿನ ನೋಡ್ತೀನಿ, ಬಾವುಟ ಆ ಹುಡುಗಿ ಕೈಲೇ ಇದೆ.”

“ಅಯ್ಯೋ, ತಾಯಿಗೆ ಏನಾಯ್ತು?”

“ಏನೂ ಆಗಿರಲಿಲ್ಲ, ಹಿಂದೆ ಕುರ್ಚಿ ಹಾಕ್ಕೊಂಡು ಕೂತಿದ್ಲು. ಅವಳು ಕಣ್ಣಿಗೆ ಬೀಳೋವರೆಗೆ ನಾನು ಜೀವ ಕೈಲಿ ಹಿಡಿದಿದ್ದೆ ಗೊತ್ತಾ. ಒಂದು ಮಾತಾಡಿದವಳಲ್ಲ, ಹೆಸರು ಗೊತ್ತಿಲ್ಲ. ಆದ್ರೂ ಕಂಡಾಗ ಕೈಯಲ್ಲಿದ್ದ ಇಕ್ಕಳ ಎತ್ತಿ ತೋರಿಸ್ದೆ. ಅವಳೂ ನಕ್ಕಳು.”

“ನನಗೆ ಇದೊಂದೂ ಹೇಳೇ ಇಲ್ವಲ್ಲ ನೀವು! ಸರಿ, ಅವಳು ನೋಡೋಕೆ ಹೇಗಿದ್ಲು? ಚೆನ್ನಾಗಿದ್ಲಾ?”

“ಚೆನ್ನಾಗೇ ಇದ್ಲು ಅನ್ನು.”

“ಅದಕ್ಕೇ ಇಕ್ಕಳ ಎತ್ತಿದ್ದು!”

“ಏ, ಹೋಗೇ!” ಎಂದು ಅವನು ಕೆರೆಯ ನೀರು ಬೇಸಿಗೆಯಲ್ಲಿ ಹೇಗೆ ಹಿಂದೆ ಸರಿಯುತ್ತಿತ್ತು, ಶಾಲೆಯ ಮೈದಾನದ ಹುಡುಗರು ಆಟ ಬಿಟ್ಟು ಬೋಗಿಗಳನ್ನು ಹೇಗೆ ಎಣಿಸುತ್ತಿದ್ದರು, ಮಂಜು ಕವಿದ ಬೆಳಿಗ್ಗೆ ಏನೂ ಕಾಣದಾಗ ಕಿವಿಯೊಂದೇ ದಾರಿ ತೋರಿಸುತ್ತಿದ್ದದ್ದು ಹೇಗೆ ಎಂದು ಹೇಳುತ್ತಲೇ ಹೋದ. ಅವಳು ಕೇಳುತ್ತಲೇ ಹೋದಳು. ಅವನ ಬಾಯಲ್ಲಿ ಸೇತುವೆ ಇನ್ನೂ ಎರಡು ಮೈಲಿ ದೂರವಿರುವಾಗ ಅಡುಗೆಮನೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ಹೊಗೆ ತುಂಬಿತು.

ತುಂಡಿನ ಕೆಳಮೈ ಇದ್ದಿಲು. ಇಬ್ಬರೂ ಕೆಮ್ಮುತ್ತ ಕಿಟಕಿ ತೆರೆದು, ಟವಲು ಬೀಸಿ ಹೊಗೆ ಹೊರಹಾಕಿದರು.

“ಗಾಡಿ ತಡ ಆಯ್ತು” ಎಂದಳು ಅವಳು, ಕಣ್ಣೀರು ಒರೆಸಿಕೊಳ್ಳುತ್ತಾ.

“ಗೇಟಲ್ಲಿ ನೀನೇ ನಿಲ್ಲಿಸಿದ್ದು!”

ಆ ಸಂಜೆ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ ತಿಂದರು. ಅವಳು ಗೆಲುವಾಗಿಯೇ ಇದ್ದಳು. ಆ ಗೇಟಿನ ಹುಡುಗಿಗೆ ಮದುವೆಯಾಯಿತಾ, ಈಗ ಬಾವುಟ ಯಾರ ಕೈಯಲ್ಲಿದೆಯೋ ಎಂದು ಎರಡು ಸಲ ಕೇಳಿದಳು. ತೂಗಣ್ಣ ಮಾತ್ರ ಕಾವಲಿಗೆ ಹತ್ತಿದ ಕರಿಯನ್ನು ಉಜ್ಜುತ್ತ ಕೂತ. ಕಿಟಕಿಯಲ್ಲಿ ಕಂಡ ದಾರಿಯನ್ನೆಲ್ಲ ತಾನೊಬ್ಬನೇ ನೋಡಿ, ಒಬ್ಬನೇ ಇಟ್ಟುಕೊಂಡೆನಲ್ಲ ಎನಿಸಿತು. ಮನೆಗೆ ತಂದದ್ದು ಬರೀ ತಣ್ಣಗಾದ ತುಂಡು. ಉಳಿದಿರುವುದು ನಾಳೆ ಒಂದು ಸಂಜೆ.

ಗುರುವಾರ ಮಾಂಸದಂಗಡಿಯವನು ತಮಾಷೆ ಮಾಡಲಿಲ್ಲ. ವಿಷಯವೆಲ್ಲ ಕೇಳಿಸಿಕೊಂಡು ಒಳಗೆ ಹೋಗಿ, ಬಿಳಿ ಗೆರೆಗಳು ಹರಿದಾಡುವ ಒಂದು ಒಳ್ಳೆಯ ತುಂಡನ್ನು ತಂದು, “ಇದನ್ನ ಅಕ್ಕನಿಗೆ ಅಂತಲೇ ಕೊಯ್ದಿದ್ದು. ಕೆಡಿಸಿಬಿಟ್ಟರೆ ನನ್ನ ಅಂಗಡಿ ಕಡೆ ಮುಖ ಹಾಕಬೇಡಿ” ಎಂದ.

ಅವಳು ಆ ಹೊತ್ತಿಗೆ ಮೇಜು ಸಿದ್ಧ ಮಾಡಿಬಿಟ್ಟಿದ್ದಳು. ಬಟ್ಟೆಕೋಣೆ ಮುಚ್ಚುವಾಗ ಅವಳಿಗೆ ಕೊಟ್ಟಿದ್ದ ಒಂದು ಮೇಜುಬಟ್ಟೆಗೆ ಗಂಜಿ ಹಾಕಿ, ಗೆರೆ ಹಿಡಿದು ಇಸ್ತ್ರಿ ಮಾಡಿ ಹಾಸಿದ್ದಳು. ಕೈವಸ್ತ್ರಗಳನ್ನು ಮಡಚಿ ಟೋಪಿಯ ಹಾಗೆ ನಿಲ್ಲಿಸಿದ್ದಳು. ಎರಡು ತಟ್ಟೆ, ಎರಡು ಚಾಕು, ನಡುವೆ ಉಪ್ಪಿನ ಡಬ್ಬಿ.

“ಇವತ್ತು ಬಾಯಿ ಬಿಡಬೇಡ” ಎಂದ ತೂಗಣ್ಣ.

“ತಿನ್ನೋಕೆ ಬಿಡ್ತೀನಿ ಅಷ್ಟೇ.”

ಕಾವಲಿ ಕಾಯಿತು. ಮಾಂಸ ಬಿತ್ತು. ಅವನು ಮಾತಾಡಲಿಲ್ಲ, ಅವಳು ಮಾತಾಡಲಿಲ್ಲ. ಚೊಯ್ಯೆನ್ನುವ ಸದ್ದೊಂದೇ. ಅವನ ಹಣೆಯಲ್ಲಿ ಬೆವರು ಸಾಲುಗಟ್ಟಿತು. ಮಗುಚಿದ, ಮೇಲ್ಮೈ ಚೆಂದದ ಕಂದು. ಆದರೆ ಒಳಗೆ? ಇಳಿಸಲೋ ಬೇಡವೋ? ಇಳಿಸಿದರೆ ಮೊದಲ ದಿನದ ಪಾಡು, ಬಿಟ್ಟರೆ ನಿನ್ನೆಯ ಪಾಡು.

ಅವಳು ಸ್ಟೂಲಿನಿಂದ ಎದ್ದು ಮೇಜಿನ ಮೇಲಿದ್ದ ಚಾಕು ತಂದು, ನೇರ ಕಾವಲಿಯ ಮೇಲಿದ್ದ ಮಾಂಸಕ್ಕೇ ಚುಚ್ಚಿದಳು.

“ಏ, ಏನು ಮಾಡ್ತಿದೀಯಾ! ಬೇಯ್ತಿರೋದನ್ನ ಕೊಯ್ಬಾರ್ದು ಕಣೇ, ರಸ ಎಲ್ಲಾ ಹೊರಟುಹೋಗುತ್ತೆ!”

“ಹೋಗ್ಲಿ ಬಿಡ್ರೀ. ನಾಳೆ ಹಲ್ಲೇ ಹೊರಟುಹೋಗುತ್ತೆ.”

ಅಂಚಿನಿಂದ ಬೆರಳುದ್ದ ಒಂದು ಚೂರು ಕೊಯ್ದು, ಉಫ್ ಉಫ್ ಎಂದು ಊದಿ, ಬಾಯಿಗೆ ಹಾಕಿಕೊಂಡಳು. ಬಿಸಿಗೆ ಬಾಯಿ ಸುಟ್ಟು ಒಂದು ಹೆಜ್ಜೆ ಕುಣಿದಳು. ತೂಗಣ್ಣನಿಗೆ ಜೀವ ಹೋದ ಹಾಗಾಯಿತು. ದೊಡ್ಡಕೈ ಇದ್ದಿದ್ದರೆ ಇಬ್ಬರನ್ನೂ ಓಡುವ ಗಾಡಿಯಿಂದ ತಳ್ಳುತ್ತಿದ್ದ.

“ಅಂಚು ಆಗಿದೆ. ಒಳಗೆ ಇನ್ನೂ ಆಗಿಲ್ಲ. ಇರ್ಲಿ ಸ್ವಲ್ಪ.”

ಅವನು ಉರಿ ಸಣ್ಣಗೆ ಮಾಡಿ ಬೆಣ್ಣೆ ಹಾಕಿದ, ಬೆಳ್ಳುಳ್ಳಿ ಹಾಕಿದ. ನೊರೆಯೆದ್ದ ಬೆಣ್ಣೆಯನ್ನು ಚಮಚದಲ್ಲಿ ಎತ್ತಿ ಎತ್ತಿ ಮಾಂಸದ ಮೇಲೆ ಹೊಯ್ದ. ಅವಳು ಇನ್ನೊಂದು ಚೂರು ಕೊಯ್ದಳು. ಈ ಸಲ ಅವನು ಬೈಯಲಿಲ್ಲ. ಕಾವಲಿಯನ್ನೂ ನೋಡಲಿಲ್ಲ, ಅವಳ ಮುಖ ನೋಡಿದ. ಎಡಗಡೆಯ ಗಟ್ಟಿ ಹಲ್ಲಿನ ಕಡೆಗೆ ತುಂಡನ್ನು ನಾಲಿಗೆಯಿಂದ ತಳ್ಳಿಕೊಂಡು, ಒಂದು ಕೆನ್ನೆ ಉಬ್ಬಿಸಿ ಜಗಿಯುತ್ತಿದ್ದಳು. ಜಗಿಯುತ್ತಾ ಹುಬ್ಬು ನಿಧಾನ ಮೇಲೇರಿತು. ಗಲ್ಲದ ಮೇಲೆ ಬೆಣ್ಣೆಯ ಗೆರೆ ಇಳಿಯಿತು. ಇಷ್ಟು ವರ್ಷ ಕಂಡಿಯಾಚೆ ಇದೇ ನಡೆಯುತ್ತಿತ್ತೇನೋ!

“ಈಗ! ಈಗ ಇಳಿಸ್ರೀ, ಈಗ!” ಎಂದು ಅವಳು ಬಾಯಿ ತುಂಬಿಕೊಂಡೇ ಕೂಗಿದಳು.

ಅವನು ಕಾವಲಿಯನ್ನು ಒಲೆಯಿಂದ ಎತ್ತಿ ಪಕ್ಕದ ಕಲ್ಲಿನ ಮೇಲೆ ಇಟ್ಟ. ಇಟ್ಟನೇ ಹೊರತು ತಟ್ಟೆಗೆ ಹಾಕಲು ಅವಳು ಬಿಡಲಿಲ್ಲ. “ಮೇಜಿಗೆ ಹೋಗೋಷ್ಟರಲ್ಲಿ ಆರುತ್ತೆ” ಎಂದು ಇನ್ನೊಂದು ಕೊಯ್ದಳು. ಕೊಯ್ದ ಕಡೆಯೆಲ್ಲ ಗುಲಾಬಿ ಬಣ್ಣ. ಒಂದು ಅವಳಿಗೆ, ಒಂದು ಅವನಿಗೆ, ಬ್ರೆಡ್ಡಿನ ಚೂರನ್ನು ಕಾವಲಿಯ ರಸಕ್ಕೆ ಒತ್ತಿ ಮತ್ತೊಂದು. ಚಾಕು ಒಂದೇ, ಅದು ಈ ಕೈಯಿಂದ ಆ ಕೈಗೆ ಹೋಗಿ ಬರುತ್ತಿತ್ತು. ಗಂಜಿ ಹಾಕಿದ ಮೇಜುಬಟ್ಟೆಯ ಕಡೆ ಯಾರೂ ತಿರುಗಿ ನೋಡಲಿಲ್ಲ.

ಕೊನೆಯಲ್ಲಿ ಒಂದು ತುಂಡು ಉಳಿಯಿತು. ಒಂದು ಕಡೆ ಕೊಬ್ಬು ಗರಿಗರಿಯಾಗಿ ಸುರುಟಿಕೊಂಡಿದ್ದ, ಬೆಣ್ಣೆಯಲ್ಲಿ ಮಿಂದ ಮೂಲೆಯ ತುಂಡು.

“ನೀವು ತಗೊಳ್ಳಿ. ಬೆಳಿಗ್ಗೆಯಿಂದ ಹೊಟ್ಟೆಗೇನೂ ಹಾಕಿಲ್ಲ.”

“ನನಗೆ ಹಲ್ಲು ನಾಳೆನೂ ಇರುತ್ತೆ. ತಿನ್ನೇ.”

ಅವಳು ಮತ್ತೆ ಉಪಚಾರದ ಮಾತಾಡಲಿಲ್ಲ. ಬಾಯಿಗೆ ಹಾಕಿಕೊಂಡು ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಅವಸರವಿಲ್ಲದೆ ಜಗಿದಳು. ಒಂದೊಂದು ಹಲ್ಲಿಗೂ ಅದರ ಪಾಲು ಕೊಡುವವಳ ಹಾಗೆ ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ. ನೋಯುವ ಕಡೆ ಬಂದಾಗ ಮುಖ ಕಿವುಚಿದಳು, ಆದರೆ ಅಲ್ಲಿಯೂ ಬಿಡಲಿಲ್ಲ.

“ಹೇಗಿದೆ?” ಎಂದ ತೂಗಣ್ಣ. ಜೀವಮಾನದಲ್ಲಿ ಈ ಪ್ರಶ್ನೆಯನ್ನು ಯಾರಿಗೂ ಕೇಳಿದವನಲ್ಲ.

ಅವಳು ಸ್ವಲ್ಪ ತಾಳಿ ಎನ್ನುವ ಹಾಗೆ ಕೈ ಎತ್ತಿದಳು. ಜಗಿದಳು. ಇನ್ನೂ ಜಗಿದಳು. ಕಣ್ಣು ತೆರೆದು ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಉಪ್ಪು ಒಂದು ಚೂರು ಕಮ್ಮಿ ರೀ.”

“ಏನಂದೆ?”

“ಇಷ್ಟು ಜನಕ್ಕೆ ಮಾಡಿ ಹಾಕಿದ್ರಲ್ಲ, ಒಬ್ಬರೂ ಹೇಳ್ಲಿಲ್ವಾ?”

“ಇರು, ನುಂಗಬೇಡ, ಇರು!” ಎಂದು ತೂಗಣ್ಣ ಮೇಜಿನ ಕಡೆ ಓಡಿದ. ನಿಂತಿದ್ದ ಕೈವಸ್ತ್ರಗಳನ್ನು ಬೀಳಿಸಿ, ಉಪ್ಪಿನ ಡಬ್ಬಿ ಎತ್ತಿಕೊಂಡು, ಮುಚ್ಚಳ ತೆಗೆಯುತ್ತಲೇ ವಾಪಸು ಬಂದ. ಅವಳು ಆಗಲೇ ನುಂಗಿ, ಬೆರಳು ನೆಕ್ಕುತ್ತಿದ್ದಳು.